ನಿಕಿತಿನನ ‘ಬ್ರಾಗ’: ಕೊಂಕಣದ ಕಳ್ಳಿಗೆ ಒಂದು ರಶಿಯನ್ ಹೆಸರು

ಕ್ರಿ. ಶ. 15ನೆಯ ಶತಮಾನದ ಉತ್ತರಾರ್ಧದಲ್ಲಿ ರಶಿಯಾದೇಶದ ತ್ವೇರ್ ನಗರದ ವರ್ತಕನೊಬ್ಬನು ಹೊರ್ಮುಜಿನಲ್ಲಿ ಹಡಗು ಹತ್ತಿ, ಮಸ್ಕತ್, ದೀವು, ಖಂಬಾಯತಗಳ ಮಾರ್ಗವಾಗಿ ಬಂದು ಚೌಲ ಬಂದರಿನಲ್ಲಿ ಇಳಿದನು. ಅವನ ಹೆಸರು ಅಫನಾಸಿ ನಿಕಿತಿನ್. ಅವನ ಸಂಗಡ ಮಾರಾಟಕ್ಕೆಂದು ತಂದ ಒಂದು ಗಂಡುಕುದುರೆಯಿದ್ದಿತು. ಅದನ್ನು ಇಲ್ಲಿಯವರೆಗೆ ತರುವುದಕ್ಕೆ ಅವನಿಗೆ ನೂರು ರೂಬಲುಗಳಷ್ಟು ಖರ್ಚು ಬಿದ್ದಿದ್ದಿತು. ಚೌಲವೆಂದರೆ ಇಂದಿನ ರಾಯಗಡ ಜಿಲ್ಲೆಯ ರೇವದಂಡಾದ ನೆರೆಯ ಊರು. ನವಿಮುಂಬಯಿಯಿಂದ ಪನವೇಲ, ಪೇಣ, ಅಲಿಬಾಗಗಳನ್ನು ದಾಟಿ ಹೋದರೆ ಒಂದು ಹಗಲಿನಲ್ಲಿ ನೋಡಿ ಮರಳಬಹುದಾದ ಸ್ಥಳ. ಅಲ್ಲಿಂದ ನಿಕಿತಿನನು ಎಂಟು ದಿನ ನಡೆದು ಪಾಲಿಗೂ, ಮುಂದೆ ಘಟ್ಟ ಹತ್ತಿ ಜುನ್ನರಿಗೂ ಬಂದನು. ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ನಾಲ್ಕು ತಿಂಗಳು ಹಗಲಿರುಳೂ ನೀರು ಮತ್ತು ಕೆಸರೆಂದು ಬರೆದುಕೊಂಡ ಆ ಪರದೇಶಿಯು ಆ ಕೆಸರಿನ ದಿನಗಳಲ್ಲಿಯೇ ಇಲ್ಲಿಯ ಜನರ ಬೇಸಾಯ, ಊಟ, ಕುಡಿತಗಳ ವಿಷಯವಾಗಿ ಎರಡು ಮೂರು ಸಾಲುಗಳನ್ನು ಗೀಚಿದನು. ಈ ಲೇಖನದ ವಿಷಯ ಆ ಸಾಲುಗಳಲ್ಲಿ ಬರುವ ಒಂದೇ ಒಂದು ಮಾತು: ‘ಬ್ರಾಗ’.

ಬ್ರಾಗವೆಂದರೆ ರಶಿಯನ್ ರೈತರು ಮನೆಯಲ್ಲಿಯೇ ಕುದಿಸಿ ಹುಳಿಬರಿಸಿ ಮಾಡುತ್ತಿದ್ದ, ಸೋಸದ, ಮಂದವಾದ ಬಿಯರ್. ಜವೆ, ರೈ, ಓಟ್ಸ್ ಮೊದಲಾದ ಧಾನ್ಯಗಳ ಮೊಳಕೆಗಟ್ಟಿದ ಹಿಟ್ಟಿನಿಂದ ಆಗುವ ಪಾನೀಯವದು. ಜುನ್ನರಿನ ಮಳೆಯಲ್ಲಿ ಕುಳಿತ ವರ್ತಕನು ಜವೆಯ ಬಿಯರನ್ನು ಕಂಡಿರಲಾರನೆಂಬುದು ಸ್ಪಷ್ಟ. ಹಾಗಾದರೆ ಅವನು ಕಂಡದ್ದು ಯಾವುದು? ಅದಕ್ಕೆ ಈ ಹೆಸರನ್ನು ಏಕೆ ಕೊಟ್ಟನು? ಈ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ಬಹಮನಿ ಕಾಲದ ಕರ್ನಾಟಕದ ಜನಜೀವನವನ್ನು ಕುರಿತು ಹೊರಗಿನವರು ಬರೆದಿಟ್ಟ ಸಾಕ್ಷ್ಯಗಳು ಹೆಚ್ಚಿಲ್ಲ. ಇದ್ದ ಸಾಕ್ಷ್ಯವನ್ನು ಹೇಗೆ ಓದಬೇಕೆಂಬುದು ಇಂಥ ಸಣ್ಣ ಮಾತುಗಳ ಮೇಲೆಯೇ ನಿಂತಿದೆ.

ನಿಕಿತಿನನ ಟಿಪ್ಪಣಿಗಳಿಗೆ ‘ಮೂರು ಸಮುದ್ರಗಳಾಚೆಯ ಯಾತ್ರೆ’ ಎಂಬ ಹೆಸರು ರೂಢವಾಗಿದೆ. ಅವನು ಊರು ಮುಟ್ಟಲಿಲ್ಲ. ಸ್ಮೊಲೆನ್ಸ್ಕ್ ನಗರವನ್ನು ಸೇರುವ ಮೊದಲೇ ತೀರಿಕೊಂಡನು. ಅವನ ಕೈಬರಹದ ಹೊತ್ತಗೆಗಳನ್ನು ವರ್ತಕರು ಮಾಸ್ಕೋಗೆ ಒಯ್ದರು. ಅವು 1475ರಲ್ಲಿ ಅರಸನ ಅಧಿಕಾರಿ ವಾಸಿಲಿ ಮಮಿರೇವನ ಕೈಗೆ ಬಂದುವು. ಮುಂದೆ ಮೂರು ಶತಮಾನಗಳಿಗೂ ಮಿಕ್ಕಿ ಅವು ಮಠದ ಹಸ್ತಪ್ರತಿಗಳಲ್ಲಿ ಮರೆಯಾಗಿದ್ದುವು. 19ನೆಯ ಶತಮಾನದ ಆರಂಭದಲ್ಲಿ ಇತಿಹಾಸಕಾರ ಕರಮ್‌ಜಿನನು ಅವುಗಳನ್ನು ಬೆಳಕಿಗೆ ತಂದನು. 1857ರಲ್ಲಿ ಲಂಡನ್ನಿನ ಹಕ್ಲೂಯಿಟ್ ಸೊಸಾಯಿಟಿಯು ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. 1881ರಲ್ಲಿ ಸಂಸ್ಕೃತ-ಪಾಲಿ ವಿದ್ವಾಂಸನಾದ ಮಿನಾಯೆವನು ಇದರ ಮೇಲೆ ಒಂದು ಸ್ವತಂತ್ರ ಟಿಪ್ಪಣಿಗ್ರಂಥವನ್ನೇ ಬರೆದನು. ಯಾತ್ರೆಯ ಕಾಲವು 1466ರಿಂದ 1472 ಎಂಬುದು ಹಳೆಯ ಗಣನೆ. ಸೆಮ್ಯೊನೊವನು ಹಬ್ಬಹುಣ್ಣಿಮೆಗಳ ಲೆಕ್ಕವನ್ನು ಮತ್ತೆ ಹಾಕಿ, ನಿಕಿತಿನನು ಭಾರತದಲ್ಲಿ ಇದ್ದದ್ದು 1471ರಿಂದ 1474ರವರೆಗೆ ಎಂದು ತೋರಿಸಿದ್ದಾನೆ. ಇದೇ ಹೆಚ್ಚು ಸಮರ್ಪಕವಾಗಿ ಕಾಣುತ್ತದೆ. ಮುಂಬಯಿಯ ವಾಚಕರಿಗೆ ಇನ್ನೊಂದು ನೆನಪೂ ಇರಬಹುದು: ಖ್ವಾಜಾ ಅಹ್ಮದ್ ಅಬ್ಬಾಸರೂ ಪ್ರೊನಿನ್ ಎಂಬ ರಶಿಯನ್ ನಿರ್ದೇಶಕನೂ ಕೂಡಿ 1957ರಲ್ಲಿ ತೆಗೆದ ‘ಪರದೇಸಿ’ ಚಲನಚಿತ್ರದ ನಾಯಕನು ಇವನೇ.

ಇನ್ನು ಆ ಸಾಲುಗಳ ವಿಚಾರ. ಅವುಗಳ ತಾತ್ಪರ್ಯ ಹೀಗೆ: ಮಳೆಯ ದಿನಗಳಲ್ಲಿ ಇಲ್ಲಿಯವರು ಉತ್ತು ಗೋದಿ, ಅಕ್ಕಿ, ಕಡಲೆ ಮುಂತಾದುವನ್ನು ಬಿತ್ತುತ್ತಾರೆ, ದೊಡ್ಡ ಕಾಯಿಗಳಲ್ಲಿ ದ್ರಾಕ್ಷಾಮದ್ಯದಂಥದನ್ನು ಮಾಡುತ್ತಾರೆ, ‘ತತ್ನ’ದಲ್ಲಿ ಬ್ರಾಗ ಮಾಡುತ್ತಾರೆ, ಕುದುರೆಗಳಿಗೆ ಕಡಲೆಯನ್ನೂ, ಸಕ್ಕರೆ ಬೆಣ್ಣೆ ಹಾಕಿದ ಖಿಚಡಿಯನ್ನೂ ತಿನ್ನಿಸುತ್ತಾರೆ. ಇಷ್ಟೇ. ಆದರೆ ಮೂಲದ ಪದಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಒಂದು ಕುತೂಹಲದ ಸಂಗತಿ ಗೋಚರವಾಗುತ್ತದೆ. ಗೋದಿಗೆ ಅವನು ರಶಿಯನ್ ಮಾತನ್ನೇ ಬಳಸಿದ್ದಾನೆ. ಅಕ್ಕಿಗೆ ‘ತುತುರ್ಗಾನ್’ ಎಂಬ ತುರ್ಕಿ ಪದ. ಕಡಲೆಗೆ ‘ನೊಹುತ್’, ಇದು ಪಾರಸಿ. ತೆಂಗಿನಕಾಯಿಗೆ ‘ಕೋಜಿ ಗುಂದುಸ್ತಾನ್ಸ್ಕಯ’: ಪಾರಸಿಯ ‘ಗೌಜ್’, ಎಂದರೆ ಕಾಯಿ, ಅದಕ್ಕೆ ಹಿಂದುಸ್ತಾನದ್ದು ಎಂಬ ರಶಿಯನ್ ಪ್ರತ್ಯಯದ ವಿಶೇಷಣ. ಖಿಚಡಿಗೆ ‘ಕಿಚಿರಿಸ್’, ಇದು ಇಲ್ಲಿಯದೇ ಮಾತು. ತನ್ನ ಊರಿನಲ್ಲಿ ಇದ್ದ ವಸ್ತುವಿಗೆ ಊರಿನ ಮಾತು, ಇಲ್ಲದುದಕ್ಕೆ ದಾರಿಯಲ್ಲಿ ಕಲಿತ ಮಾತು ಎಂಬ ನಿಯಮವನ್ನು ಅವನು ತಿಳಿದೋ ತಿಳಿಯದೆಯೋ ಪಾಲಿಸಿದ್ದಾನೆ. ಅಂತಹವನು ಇಲ್ಲಿಯ ಪಾನೀಯಗಳೆರಡಕ್ಕೂ ‘ವಿನೊ’, ‘ಬ್ರಾಗ’ ಎಂಬ ಸ್ವಂತ ಮಾತುಗಳನ್ನೇ ಕೊಟ್ಟಿರಬೇಕಾದರೆ, ಆ ಎರಡರಲ್ಲಿಯೂ ತನ್ನ ಊರಿನ ಪಾನೀಯಗಳ ಗುಣವನ್ನು ಕಂಡುಕೊಂಡಿದ್ದನೆಂದೇ ಹೇಳಬೇಕು.

ಗುಣವೆಂದರೆ ಯಾವ ಗುಣ? ಇಲ್ಲಿ ಕಳ್ಳಿನ ಸ್ವಭಾವವನ್ನು ನೆನೆಯಬೇಕು. ಮರದ ಹೊಂಬಾಳೆಯನ್ನೋ ಕಾಂಡವನ್ನೋ ಕೊಯ್ದಾಗ ಒಸರುವ ರಸವು ಮುಂಜಾನೆ ಸಿಹಿಯಾಗಿರುತ್ತದೆ. ಇದೇ ಮುಂಬಯಿಯವರು ನೀರಾ ಎಂದು ಕರೆಯುವ ಪಾನೀಯ. ಗಾಳಿಯಲ್ಲಿಯೂ ಮಡಕೆಯ ಮೈಯಲ್ಲಿಯೂ ಇರುವ ಕಿಣ್ವಜೀವಿಗಳು ಕೆಲವೇ ತಾಸುಗಳಲ್ಲಿ ಅದನ್ನು ಹುಳಿಯಿಸುತ್ತವೆ; ರಸವು ಹಾಲಿನಂತೆ ಬೆಳ್ಳಗಾಗಿ, ನೊರೆಯೆದ್ದು, ಅಡಿಯಲ್ಲಿ ಮಡ್ಡಿ ನಿಲ್ಲುತ್ತದೆ. ಹದವಾಗಿ ಹುಳಿತ ಕಳ್ಳಿನಲ್ಲಿ ಮದ್ಯಸಾರ ಸುಮಾರು ನೂರಕ್ಕೆ 4-5 ಭಾಗ, ಎಂದರೆ ಸಾಧಾರಣ ಬಿಯರಿನಲ್ಲಿ ಇರುವಷ್ಟೇ. ನೊರೆ, ಮಬ್ಬುಬಣ್ಣ, ಮಡ್ಡಿ, ಹುಳಿವಾಸನೆ, ಮೃದುವಾದ ಅಮಲು: ಇವೆಲ್ಲವೂ ಬ್ರಾಗದ ಲಕ್ಷಣಗಳೇ. ತ್ವೇರಿನ ರೈತನ ಅಂಗಳದಲ್ಲಿ ಹಬ್ಬದ ದಿನ ಬೋಗುಣಿಯಲ್ಲಿ ಕೊಡುತ್ತಿದ್ದ ಪಾನೀಯವನ್ನು ಬಲ್ಲ ನಾಲಗೆಗೆ, ಘಟ್ಟದ ಮೇಲಣ ಹಳ್ಳಿಯ ಮಡಕೆಯ ಕಳ್ಳು ಪರಕೀಯವೆನಿಸಿರಲಾರದು. ಧಾನ್ಯವೋ ಮರವೋ ಎಂಬ ವ್ಯತ್ಯಾಸ ಸಸ್ಯಶಾಸ್ತ್ರಜ್ಞನಿಗೆ ದೊಡ್ಡದು, ಕುಡಿಯುವವನಿಗೆ ಅಷ್ಟಿಲ್ಲ.

ಇನ್ನು ‘ತತ್ನ’. ವಿದ್ವಾಂಸರನ್ನು ಬಹಳ ಕಾಡಿದ ಮಾತಿದು. ಇದು ತಾಡಿ, ಎಂದರೆ ತಾಳೆಯ ಮರಕ್ಕೋ ಅದರ ರಸಕ್ಕೋ ಸಂಬಂಧಪಟ್ಟದ್ದೆಂಬ ಊಹೆ ಸಹಜವಾದದ್ದು. ಈ ಊಹೆಗೆ ಬಲ ಕೊಡುವ ಸಾಕ್ಷ್ಯವೊಂದು ಥಾಣೆಯ ಕಡೆಯಿಂದಲೇ ದೊರೆಯುತ್ತದೆ. ನಿಕಿತಿನನಿಗೆ ನೂರೈವತ್ತು ವರ್ಷಗಳ ಹಿಂದೆ, 1321ರಲ್ಲಿ, ಜೊರ್ಡಾನಸ್ ಎಂಬ ಡೊಮಿನಿಕನ್ ಪಂಥದ ಫ್ರೆಂಚ್ ಪಾದ್ರಿಯು ಥಾಣೆಗೆ ಬಂದನು. ಅದೇ ವರ್ಷ ಅವನ ಜೊತೆಗಾರರಾದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಆ ಊರಿನಲ್ಲಿ ಕೊಲೆಯಾದರು. ಬದುಕಿ ಉಳಿದ ಅವನು ತಾನು ಕಂಡ ಅದ್ಭುತಗಳನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟಿದ್ದಾನೆ. ಅದರಲ್ಲಿ ‘ನಾರ್ಗಿಲ್’, ಎಂದರೆ ತೆಂಗು, ಮತ್ತು ‘ತಾರಿ’ ಎಂಬ ಮರಗಳೆರಡನ್ನೂ ಹೆಸರಿಸಿ, ತಾರಿಯ ಮರವು ವರ್ಷವೆಲ್ಲ ಬಿಳಿಯ ಹಿತವಾದ ಪಾನೀಯವನ್ನು ಕೊಡುತ್ತದೆಂದು ಹೇಳಿದ್ದಾನೆ. ಉತ್ತರ ಕೊಂಕಣದಲ್ಲಿ ಆ ಕಾಲಕ್ಕೆ ತೆಂಗಿನ ಕಳ್ಳು ಬೇರೆ, ತಾಳೆಯ ಕಳ್ಳು ಬೇರೆ ಎಂಬ ಎಣಿಕೆ ಪರದೇಶಿಗಳ ಕಿವಿಗೂ ಬಿದ್ದಿದ್ದಿತೆಂಬುದು ಇದರಿಂದ ಸಿದ್ಧವಾಗುತ್ತದೆ. ಇಂದಿಗೂ ಮರಾಠಿಯಲ್ಲಿ ಮಾಡ ಎಂದರೆ ತೆಂಗಿನ ಮರ, ಅದರ ಕಳ್ಳು ಮಾಡಿ. ತಾಡ ಎಂದರೆ ತಾಳೆ, ಅದರ ಕಳ್ಳು ತಾಡಿ. ಈ ತಾಡಿಯೇ ಇಂಗ್ಲಿಷರ ಬಾಯಲ್ಲಿ ಟಾಡಿಯಾಯಿತು. ನಿಕಿತಿನನ ‘ವಿನೊ’ ಮತ್ತು ‘ಬ್ರಾಗ’ ಎಂಬ ಜೋಡಿಯು ಮಾಡಿ-ತಾಡಿಗಳ ಜೋಡಿಗೆ ಸರಿಯಾಗಿ ಹೊಂದುತ್ತದೆ.

ಆದರೂ ಒಂದು ತೊಡಕು ಉಳಿಯುತ್ತದೆ. ಜುನ್ನರು ಘಟ್ಟದ ಮೇಲಣ ಊರು, ತೆಂಗಿನ ಸೀಮೆಯಲ್ಲ. ತೆಂಗನ್ನು ಅವನು ನೋಡಿದ್ದು ಚೌಲದ ತೋಟಗಳಲ್ಲಿ. ಆದ್ದರಿಂದ ಜುನ್ನರಿನ ಪ್ರಸಂಗದಲ್ಲಿ ಬರುವ ಈ ಸಾಲು ಕರಾವಳಿಯ ನೆನಪನ್ನೂ ಘಟ್ಟದ ಅನುಭವವನ್ನೂ ಒಟ್ಟಿಗೆ ಹೆಣೆದದ್ದೆಂದು ಭಾವಿಸಬೇಕು. ಘಟ್ಟದ ಮೇಲೆ ಕಳ್ಳು ಇಳಿಸುವುದು ಹೆಚ್ಚಾಗಿ ಈಚಲಿನಿಂದ. ಮರಾಠಿಯ ಶಿಂದಿ, ಬೀದರ-ಕಲಬುರ್ಗಿಗಳ ಸೇಂದಿ ಎರಡೂ ಅದೇ. ಬ್ರಾಗವೆಂಬ ಹೆಸರು ತಾಳೆ, ಈಚಲು ಎರಡರ ಕಳ್ಳಿಗೂ ಸಲ್ಲುವಂತೆ ತೋರುತ್ತದೆ. ಪರದೇಶಿಯು ಮರದ ಜಾತಿಯನ್ನು ವಿಂಗಡಿಸಿರಬೇಕೆಂದು ಹಟ ಹಿಡಿಯುವುದು ನ್ಯಾಯವಲ್ಲ.

ಜುನ್ನರಿನಿಂದ ನಿಕಿತಿನನು ಬಹಮನಿ ರಾಜಧಾನಿಯಾದ ಬೀದರಿಗೆ ಬಂದನು. ಆಗ ಮೂರನೆಯ ಮುಹಮ್ಮದ ಶಹನ ಆಳ್ವಿಕೆ. ಮಹಮೂದ ಗಾವಾನನು ಮಂತ್ರಿ. ಅವನ ಪ್ರಖ್ಯಾತವಾದ ಮದರಸವು 1472ರಲ್ಲಿ ಮುಗಿಯಿತು. ಅದರ ಹೆಂಚುಗಳ ಹೊಳಪು ಹೊಸದಾಗಿದ್ದಾಗಲೇ ಈ ರಶಿಯನ್ನನು ಆ ಬೀದಿಗಳಲ್ಲಿ ನಡೆದಿರಬೇಕು. ಕುದುರೆಯನ್ನು ಅವನು ಮಾರಿದ್ದು ಬೀದರಿನಲ್ಲಿ. ಆಳಂದದ ಉರುಸಿನ ಜಾತ್ರೆಗೆ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತವೆಂದು ಅವನು ಹೇಳುವ ಮಾತು ಕರ್ನಾಟಕದ ವಾಣಿಜ್ಯದ ಇತಿಹಾಸಕ್ಕೆ ಬೆಲೆಯುಳ್ಳದ್ದು. ಅದು ಬೇರೆ ಲೇಖನದ ವಿಷಯ. ಇಲ್ಲಿ ಪ್ರಕೃತವಾದದ್ದು ಇನ್ನೊಂದು. ಬೀದರಿನಲ್ಲಿ ಅವನಿಗೆ ಅನೇಕ ಹಿಂದೂಗಳ ಪರಿಚಯವಾಯಿತು. ತಾನು ಮುಸಲ್ಮಾನನಲ್ಲ, ಕ್ರಿಸ್ತನ ಮತದವನು ಎಂದು ತಿಳಿಸಿದ ಮೇಲೆ ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ಅವನಿಂದ ಮರೆಮಾಡಲಿಲ್ಲ. ಅವರೊಡನೆಯೇ ಅವನು ಶಿವರಾತ್ರಿಗೆ ಪರ್ವತಕ್ಕೆ, ಎಂದರೆ ಶ್ರೀಶೈಲಕ್ಕೆ, ಯಾತ್ರೆ ಹೋದನು. ಅದು ಹಿಂದೂಗಳಿಗೆ ಜೆರೂಸಲೇಮಿನಂತೆ, ಮುಸಲ್ಮಾನರ ಮಕ್ಕೆಯಂತೆ ಎಂದು ಬರೆದನು. ಕರಿಯ ಕಲ್ಲಿನ ನಂದಿಯನ್ನು ವರ್ಣಿಸಿದನು. ಈ ಜನರ ವಿಷಯದಲ್ಲಿ ಅವನು ಹೇಳುವ ಮಾತು ಹೀಗಿದೆ: ಇವರು ಯಾವ ಮಾಂಸವನ್ನೂ ತಿನ್ನುವುದಿಲ್ಲ, ದಿನಕ್ಕೆ ಎರಡು ಹೊತ್ತು ಉಣ್ಣುತ್ತಾರೆ, ರಾತ್ರಿ ಉಣ್ಣುವುದಿಲ್ಲ, ಮದ್ಯವನ್ನಾಗಲಿ ‘ಸಿತ’ವನ್ನಾಗಲಿ ಕುಡಿಯುವುದಿಲ್ಲ. ಸಿತವೆಂದರೆ ಜೇನು ಕಲಸಿದ ನೀರು. ಅದು ಹುಳಿತರೆ ಜೇನಿನ ಮದ್ಯವಾಗುತ್ತದೆ.

ಇದು ಪೂರ್ವೋತ್ತರ ವಿರುದ್ಧವಲ್ಲವೆ? ಜುನ್ನರಿನಲ್ಲಿ ಮದ್ಯವನ್ನೂ ಬ್ರಾಗವನ್ನೂ ಮಾಡುತ್ತಾರೆಂದವನು ಬೀದರಿನಲ್ಲಿ ಹಿಂದೂಗಳು ಮದ್ಯ ಮುಟ್ಟುವುದಿಲ್ಲವೆಂದು ಹೇಳಿದರೆ ಯಾವುದನ್ನು ನಂಬಬೇಕು? ನಿಕಿತಿನನನ್ನು ಅವಸರದ, ಹೇಳಿಕೆಯ ಮಾತನ್ನು ನೆಚ್ಚಿದ ಬರಹಗಾರನೆಂದು ತಳ್ಳಿಹಾಕುವುದು ಸುಲಭ. ಆದರೆ ಉತ್ತರವನ್ನು ಅವನೇ ಕೊಟ್ಟಿದ್ದಾನೆ. ಈ ದೇಶದಲ್ಲಿ ಒಟ್ಟು 84 ಮತಗಳಿವೆಯೆಂದೂ, ಒಂದು ಮತದವರು ಇನ್ನೊಂದು ಮತದವರೊಡನೆ ಕುಡಿಯುವುದಾಗಲಿ ಉಣ್ಣುವುದಾಗಲಿ ಮದುವೆಯಾಗುವುದಾಗಲಿ ಇಲ್ಲವೆಂದೂ ಅವನು ಬರೆದಿದ್ದಾನೆ. ಕೆಲವರು ಕುರಿ, ಕೋಳಿ, ಮೀನು, ಮೊಟ್ಟೆಗಳನ್ನು ತಿನ್ನುವರೆಂದೂ, ಆದರೆ ಎತ್ತಿನ ಮಾಂಸವನ್ನು ಯಾವ ಮತದವರೂ ತಿನ್ನರೆಂದೂ ಸೇರಿಸಿದ್ದಾನೆ. ಅವನು ‘ಮತ’ವೆಂದದ್ದು ಜಾತಿಯನ್ನು. ಕುಡಿಯುವುದು ಜಾತಿಯಿಂದ ಜಾತಿಗೆ ಬೇರೆಯೆಂಬುದು ಅವನಿಗೆ ತಿಳಿದಿದ್ದಿತು. ಆದ್ದರಿಂದ ಬೀದರಿನ ಮಾತು ಸಮಸ್ತ ಹಿಂದೂಗಳ ಮಾತಲ್ಲ, ಅವನನ್ನು ಮನೆಗೆ ಸೇರಿಸಿಕೊಂಡ, ಶಿವರಾತ್ರಿಗೆ ಶ್ರೀಶೈಲಕ್ಕೆ ನಡೆದ, ಮದ್ಯಮಾಂಸ ವರ್ಜಿಸಿದ ಶೈವರ ಮಾತು. ಅವರು ವೀರಶೈವ ವರ್ತಕರಾಗಿರಬಹುದೆಂಬ ಊಹೆಗೆ ಎಡೆಯಿದೆ. ನಿರ್ಣಯವಾಗಿ ಹೇಳಲು ಅವನ ಪಠ್ಯದಲ್ಲಿ ಆಧಾರ ಸಾಲದು.

ಈ ಭೇದವನ್ನು ಅಳಿಸಿ ಓದಿದವರಿಂದ ಒಂದು ಅನ್ಯಾಯವಾಗಿದೆ. ಮಧ್ಯಯುಗದ ದಖ್ಖಣದಲ್ಲಿ ಮದ್ಯಪಾನವೆಂಬುದು ಮುಸಲ್ಮಾನ ದರಬಾರಿನ ಚಟವೆಂದೂ, ಹಿಂದೂ ಜನ ಪಾನನಿರತರಲ್ಲವೆಂದೂ ಬರೆಯುವ ವಾಡಿಕೆ ಬಹುಕಾಲ ನಡೆಯಿತು. ಮರ ಹತ್ತಿ ಕಳ್ಳಿಳಿಸಿದವರು ಆ ಚಿತ್ರದಿಂದಲೇ ಮಾಯವಾದರು. ಕೊಂಕಣದ ಭಂಡಾರಿಗಳು, ದಕ್ಷಿಣ ಕನ್ನಡದ ಬಿಲ್ಲವರು, ಮಲೆನಾಡಿನ ದೀವರು, ಬಯಲುಸೀಮೆಯ ಈಡಿಗರು ಇವರೆಲ್ಲರ ಕಸಬು ಜುನ್ನರಿನ ಒಂದು ಸಾಲಿನಲ್ಲಿ ಉಳಿದಿದೆ. ಕನ್ನಡ ಸಾಹಿತ್ಯವೇನೋ ಈ ವಿಷಯದಲ್ಲಿ ಮುಚ್ಚುಮರೆ ಮಾಡಿದ್ದಿಲ್ಲ. ಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದು. ಪಂಪನು ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಪಾನಗೋಷ್ಠಿಯನ್ನು ಚಿತ್ರಿಸಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅರಸನ ಪಾನೀಯಗಳಿಗೂ ಎಡೆಯಿದೆ. ಇನ್ನೂ ಹೆಚ್ಚಿನ ಸಾಕ್ಷಿ ಅದೇ ಕಲ್ಯಾಣದ ಹೆಂಡದ ಮಾರಯ್ಯ: ಹೆಂಡ ಮಾರುವ ಕಾಯಕದಿಂದಲೇ ಹೆಸರುಗೊಂಡು, ‘ಧರ್ಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಶರಣ. ನಿಕಿತಿನನು ಬೀದರಿನಲ್ಲಿ ಇದ್ದಾಗ ಆ ಕಲ್ಯಾಣ ಅನತಿದೂರದಲ್ಲಿಯೇ ಇದ್ದಿತು.

ಕಲ್ಯಾಣವೆಂದೊಡನೆ ಥಾಣೆ ಜಿಲ್ಲೆಯ ಕಲ್ಯಾಣದ ವಾಚಕರಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ರಶಿಯನ್ ಭಾಷೆಯಲ್ಲಿ ‘ಕಲ್ಯಾನ್’ ಎಂಬ ಮಾತಿದೆ. ಅದರ ಅರ್ಥ ಹುಕ್ಕಾ! ಅದು ಪಾರಸಿಯ ‘ಘಲ್ಯಾನ್’ ಎಂಬುದರಿಂದ ಹೋದದ್ದು; ರೈಲುಜಂಕ್ಷನ್ನಿಗೂ ಮಂಗಳಕ್ಕೂ ಅದಕ್ಕೆ ಸಂಬಂಧವಿಲ್ಲ. ಧ್ವನಿಸಾಮ್ಯವನ್ನು ಹಿಡಿದು ರಶಿಯನ್ ಭಾಷೆಯನ್ನು ಸಂಸ್ಕೃತದಿಂದ ಹುಟ್ಟಿಸುವವರ ಸಂಖ್ಯೆ ಕಡಿಮೆಯೇನೂ ಇಲ್ಲವಾದುದರಿಂದ ಈ ಮಾತು. ಹಾಗೆಯೇ ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿಗೆ ರಶಿಯನ್ನರು ‘ಖ್ಮೆಲ್’ ಎನ್ನುತ್ತಾರೆ. ಅಮಲಿಗೂ ಅದೇ ಹೆಸರು. ಇದನ್ನು ಅವೆಸ್ತಾದ ಹವೋಮಕ್ಕೂ ವೇದದ ಸೋಮಕ್ಕೂ ಗಂಟುಹಾಕಿದವರುಂಟು. ಆಕರ್ಷಕವಾದ ಊಹೆ, ಆದರೆ ನಂಬತಕ್ಕದ್ದಲ್ಲ.

ನಿಜವಾದ ನಂಟುಗಳು ಬೇರೆ ಇವೆ, ಅವು ಕಡಿಮೆ ಸ್ವಾರಸ್ಯದವೂ ಅಲ್ಲ. ಬಿಯರಿಗೆ ರಶಿಯನ್ ಭಾಷೆಯಲ್ಲಿ ‘ಪೀವ’ (ಬರವಣಿಗೆಯಲ್ಲಿ ‘ಪಿವೊ’) ಎನ್ನುತ್ತಾರೆ. ‘ಪಿತ್’ ಎಂದರೆ ಕುಡಿ, ಅದರಿಂದಾದ ನಾಮಪದವಿದು. ಹಳೆಯ ರಶಿಯನ್ನಿನಲ್ಲಿ ಪಿವೊ ಎಂದರೆ ಕುಡಿಯತಕ್ಕದ್ದು ಎಂದಷ್ಟೇ ಅರ್ಥ; ಜವೆಯ ಬಿಯರಿಗೆ ‘ಓಲ್’ ಎಂಬ ಬೇರೆ ಮಾತಿದ್ದಿತು, ಅದು ಇಂಗ್ಲಿಷಿನ ಏಲ್ ಎಂಬುದರ ದಾಯಾದಿ. ಕಾಲಕ್ರಮದಲ್ಲಿ ಓಲ್ ಮರೆತುಹೋಗಿ ಪಿವೊ ಎಂಬುದು ಬಿಯರಿಗೇ ರೂಢವಾಯಿತು. ಈ ಪಿತ್ ಮತ್ತು ಸಂಸ್ಕೃತದ ‘ಪಾ’, ‘ಪಿಬತಿ’ ಒಂದೇ ಮೂಲಧಾತುವಿನವು. ಆದಕಾರಣ ರಾಮನವಮಿಯ ದಿನ ಡೊಂಬಿವಲಿಯ ಕನ್ನಡಿಗರ ಮನೆಗಳಲ್ಲಿ ಹಂಚುವ ಬೆಲ್ಲದ ಪಾನಕವೂ ಮಾಸ್ಕೋದ ಪಾನಗೃಹದ ಪಿವೊ ಕೂಡ ಶಬ್ದವಂಶದಲ್ಲಿ ಸೋದರಸಂಬಂಧಿಗಳು. ಮಡಿವಂತರು ಕ್ಷಮಿಸಬೇಕು. ಜೇನಿಗೂ ಜೇನಿನ ಮದ್ಯಕ್ಕೂ ರಶಿಯನ್ನರು ‘ಮ್ಯೋದ್’ ಎನ್ನುತ್ತಾರೆ. ಇದು ಸಂಸ್ಕೃತದ ‘ಮಧು’ವೇ. ಕರಡಿಗೆ ಅವರಲ್ಲಿ ‘ಮೆದ್ವೇದ್’ ಎಂದು ಹೆಸರು, ಎಂದರೆ ಮಧುವನ್ನು ತಿನ್ನುವುದು. ಋಗ್ವೇದದ ‘ಮಧ್ವದ್’ ಎಂಬ ಪದದ ಕಟ್ಟಡವೂ ಇದೇ. ರಶಿಯಾದಲ್ಲಿ ಬಹುಕಾಲ ಬಿಯರನ್ನು ಕಾನೂನು ಮದ್ಯವೆಂದು ಎಣಿಸದೆ ಆಹಾರಪದಾರ್ಥವೆಂದೇ ಬಗೆದಿದ್ದಿತು. ಅದನ್ನು ಮದ್ಯಗಳ ಸಾಲಿಗೆ ಸೇರಿಸುವ ಶಾಸನಕ್ಕೆ 2011ರಲ್ಲಿ ಸಹಿ ಹಾಕಿದ ಅಧ್ಯಕ್ಷನ ಮನೆತನದ ಹೆಸರು ಮೆದ್ವೇದೆವ್ ಎಂಬುದು ಕೇವಲ ಕಾಕತಾಳೀಯ.

‘ಕ್ವಾಸ್’ ಎಂಬುದು ಮೂರನೆಯದು. ರೈ ರೊಟ್ಟಿಯನ್ನು ನೆನೆಯಿಟ್ಟು ಹುಳಿಬರಿಸಿದ ಪಾನೀಯ. ಅಮಲು ಅತ್ಯಲ್ಪ, ಮಕ್ಕಳೂ ಕುಡಿಯುತ್ತಾರೆ. ರಶಿಯಾದ ಪ್ರಾಚೀನ ವೃತ್ತಾಂತಗ್ರಂಥವು 996ರ ಸಂಗತಿಗಳನ್ನು ಹೇಳುವಾಗ ವ್ಲದೀಮಿರ್ ದೊರೆಯು ಬಡವರಿಗೆ ಬಂಡಿಗಳಲ್ಲಿ ಮ್ಯೋದನ್ನೂ ಕ್ವಾಸನ್ನೂ ಕಳುಹಿಸಿದನೆನ್ನುತ್ತದೆ. ಈ ಮಾತನ್ನು ಸಂಸ್ಕೃತದ ‘ಕ್ವಥತಿ’, ಎಂದರೆ ಕುದಿಯುತ್ತದೆ, ಎಂಬುದರೊಡನೆ ಭಾಷಾಶಾಸ್ತ್ರಜ್ಞರು ಹೋಲಿಸುತ್ತಾರೆ. ಆಯುರ್ವೇದ ಪಂಡಿತರ ಕ್ವಾಥವನ್ನು ಕುಡಿದು ಮುಖ ಸಿಂಡರಿಸಿದವರಿಗೆ ಈ ನಂಟು ಸಮಾಧಾನ ಕೊಡಲಾರದು. ಆದರೆ ಈ ನಂಟುಗಳೆಲ್ಲವೂ ಕನ್ನಡಕ್ಕೆ ಸಂಸ್ಕೃತದ ಮೂಲಕ ಬಂದವು ಎಂಬುದನ್ನು ಮರೆಯಲಾಗದು. ಕುಡಿ, ಜೇನು, ಹುಳಿ, ಕಳ್ ಎಂಬ ಅಚ್ಚಗನ್ನಡದ ಮಾತುಗಳು ತಮಿಳು ತೆಲುಗುಗಳ ಬಳಗದವು. ವೋಲ್ಗಾ ತೀರದಲ್ಲಿ ಅವಕ್ಕೆ ನೆಂಟರಿಲ್ಲ. ಬ್ರಾಗವೂ ಸಂಸ್ಕೃತದ ಕಡೆಯದಲ್ಲ. ಮಧ್ಯ ವೋಲ್ಗಾದ ಚುವಾಶ್ ಜನರ ತುರ್ಕಿ ವರ್ಗದ ಭಾಷೆಯಿಂದ ರಶಿಯನ್ನಿಗೆ ಬಂದಿರಬೇಕೆಂಬುದು ಹೆಚ್ಚಿನವರ ಮತ. ನಿಕಿತಿನನು ಹುಟ್ಟಿದ್ದು ಅದೇ ನದಿಯ ದಂಡೆಯಲ್ಲಿ. ನೆರೆಯ ಜನರಿಂದ ತನ್ನವರು ಎರವಲು ಪಡೆದ ಮಾತೊಂದನ್ನು ಅವನು ಹೊತ್ತು ತಂದು ಸಹ್ಯಾದ್ರಿಯ ಕಳ್ಳಿಗೆ ಅಂಟಿಸಿದನು. ಐದು ಶತಮಾನಗಳ ಅನಂತರ, 1979ರಲ್ಲಿ, ಮಾಸ್ಕೋದಲ್ಲಿ ಕನ್ನಡ-ರಶಿಯನ್ ನಿಘಂಟು ಅಚ್ಚಾಯಿತು. ಅವನಿಗೆ ಅಂಥ ಆಸರೆ ಇದ್ದಿಲ್ಲ.

ಬಿಯರಿನ ದೆಸೆಯಿಂದ ರಶಿಯಾಕ್ಕೂ ಭಾರತಕ್ಕೂ ಆದ ಇನ್ನೊಂದು ಸಂಬಂಧವನ್ನು ಹೇಳದೆ ವಿಷಯ ಪೂರ್ತಿಯಾಗದು. 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ಬರ್ಟನ್ ಊರಿನ ಬಿಯರ್ ತಯಾರಕರಿಗೆ ಪೀಟರ್ಸ್‌ಬರ್ಗ್ ದೊಡ್ಡ ಮಾರುಕಟ್ಟೆಯಾಗಿದ್ದಿತು. ಕಂದುಬಣ್ಣದ, ಸಿಹಿಯಾದ, ಬಲವಾದ ಅವರ ಏಲ್ ಹಲ್ ಬಂದರಿನಿಂದ ಬಾಲ್ಟಿಕ್ ಸಮುದ್ರಕ್ಕೆ ಹೋಗುತ್ತಿದ್ದಿತು. ನೆಪೋಲಿಯನನ ದಿಗ್ಬಂಧನದಿಂದ ಈ ವ್ಯಾಪಾರಕ್ಕೆ ಪೆಟ್ಟು ಬಿದ್ದಿತು. 1822ರಲ್ಲಿ ರಶಿಯನ್ ಸರಕಾರವು ಹಾಕಿದ ಸುಂಕದಿಂದ ಅದು ಪೂರ್ತಿ ನೆಲಕಚ್ಚಿತು. ಆಗ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕನಾದ ಮಾರ್ಜರಿಬ್ಯಾಂಕ್ಸನು, ರಶಿಯಾ ಕೈಬಿಟ್ಟರೆ ಭಾರತವನ್ನು ಹಿಡಿಯುವಂತೆ ಬರ್ಟನ್ನಿನ ಆಲ್ಸಪ್ಪನಿಗೆ ಸಲಹೆ ಕೊಟ್ಟನು. ಲಂಡನ್ನಿನ ಹಾಡ್ಜ್‌ಸನ್ನನು ಭಾರತಕ್ಕೆ ಕಳುಹಿಸುತ್ತಿದ್ದ, ಹಾಪ್ಸ್ ಹೆಚ್ಚಾಗಿ ಬೆರೆಸಿದ, ತಿಳಿಬಣ್ಣದ, ಕಹಿ ಬಿಯರಿನ ಮಾದರಿಯನ್ನು ಆಲ್ಸಪ್ಪನ ಕೆಲಸಗಾರನು ಒಂದು ಚಹಾಕುಡಿಕೆಯಲ್ಲಿ ಮಾಡಿ ತೋರಿಸಿದನೆಂದು ಕತೆ. ಬರ್ಟನ್ನಿನ ಜಿಪ್ಸಮ್ ಬೆರೆತ ಬಾವಿನೀರು ಆ ಬಗೆಗೆ ಹೇಳಿಮಾಡಿಸಿದಂತಿದ್ದಿತು. 1823ರಿಂದ ಅದು ಭಾರತಕ್ಕೆ ಬರತೊಡಗಿತು. ‘ಇಂಡಿಯಾ ಪೇಲ್ ಏಲ್’ ಎಂದು ಪ್ರಸಿದ್ಧವಾದ ಬಿಯರಿನ ಬರ್ಟನ್ ಶಾಖೆಯು ಹೀಗೆ ರಶಿಯಾದ ಬಾಗಿಲು ಮುಚ್ಚಿದ್ದರಿಂದ ಹುಟ್ಟಿದ್ದು. ದಂಡಿನ ಊರುಗಳಲ್ಲಿ ಬಿಯರಿನ ಬೇಡಿಕೆ ಬೆಳೆದು ಇಲ್ಲಿಯೇ ಕಾರ್ಖಾನೆಗಳೆದ್ದವು. ದಕ್ಷಿಣ ಭಾರತದ ಅಂಥ ಐದು ಕಾರ್ಖಾನೆಗಳನ್ನು ಕೂಡಿಸಿ 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬವನು ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ಕಟ್ಟಿದನು. ಬಂಟ್ವಾಳ ಮೂಲದ ವಿಠ್ಠಲ ಮಲ್ಯರು 1947ರಲ್ಲಿ ಅದರ ನಿರ್ದೇಶಕರಾಗಿ ಮರುವರ್ಷ ಅಧ್ಯಕ್ಷರಾದರು. ಬೆಂಗಳೂರಿನ ಈ ಸಂಸ್ಥೆಯ ಕಾರ್ಖಾನೆಯೊಂದು ಪನವೇಲಿನ ಬಳಿಯ ತಳೋಜಾ ಕೈಗಾರಿಕಾ ವಲಯದಲ್ಲಿದೆ.

ಬಿಯರಿಗೆ ಸಿಕ್ಕ ಈ ಅದೃಷ್ಟ ಕಳ್ಳಿಗೆ ಸಿಗಲಿಲ್ಲ. 1878ರ ಮುಂಬಯಿ ಅಬಕಾರಿ ಶಾಸನವು ಕೊಯ್ಯುವ ಒಂದೊಂದು ಮರಕ್ಕೂ ತೆರಿಗೆಯನ್ನು ಬಿಗಿಗೊಳಿಸಿತು. 1892ರ ಮೌಡಾ ಶಾಸನವು ಥಾಣೆ ಮತ್ತು ಕೊಲಾಬಾ ಜಿಲ್ಲೆಗಳಲ್ಲಿ ಹಿಪ್ಪೆಹೂವನ್ನು ಕೂಡಿಡುವುದನ್ನೂ ನಿರ್ಬಂಧಿಸಿತು. 1949ರ ಪಾನನಿಷೇಧ ಶಾಸನ ಬಂದ ಮೇಲೆ ಮುಂಬಯಿ ಪ್ರಾಂತದಲ್ಲಿ ನೀರಾ ಸರಕಾರದ ಪರವಾನಗಿಯ ಪಾನೀಯವಾಯಿತು, ಅದೇ ರಸ ಮಧ್ಯಾಹ್ನಕ್ಕೆ ಅಪರಾಧವಾಯಿತು. ಊರಿನಲ್ಲಿ ಮರ ಹತ್ತುತ್ತಿದ್ದ ಮನೆತನಗಳ ಮಕ್ಕಳು ಮುಂಬಯಿಯ ಹೋಟೆಲುಗಳಿಗೆ, ರಾತ್ರಿಶಾಲೆಗಳಿಗೆ, ಅಲ್ಲಿಂದ ಕಚೇರಿಗಳಿಗೆ ಬಂದರು. ಅವರ ಮೊಮ್ಮಕ್ಕಳು ಇಂದು ಥಾಣೆ ಡೊಂಬಿವಲಿಗಳಲ್ಲಿ ನೆಲೆಸಿದ್ದಾರೆ. ಕತ್ತಿ, ಏಣಿ, ಮಡಕೆಗಳ ಹೆಸರುಗಳು, ಹೊಂಬಾಳೆಯನ್ನು ಬಡಿಯುವ ಕ್ರಮ, ಎಳೆಯ ಕಳ್ಳಿಗೂ ಹುಳಿತದ್ದಕ್ಕೂ ಇದ್ದ ಬೇರೆ ಬೇರೆ ಮಾತುಗಳು ಅಜ್ಜಂದಿರೊಡನೆ ಮರೆಯಾಗುತ್ತಿವೆ. ‘ತತ್ನ’ ಎಂಬುದು ಮರದ ಹೆಸರೋ ಪಾತ್ರೆಯ ಹೆಸರೋ ಎಂದು ತೀರ್ಮಾನಿಸುವುದಕ್ಕೆ ರಶಿಯನ್ ವ್ಯಾಕರಣಕ್ಕಿಂತ ಈ ಪದಸಂಪತ್ತೇ ಹೆಚ್ಚು ಸಹಾಯಕವಾದೀತು. ಮೂಲದಲ್ಲಿ ಮದ್ಯವನ್ನು ಕಾಯಿಗಳ ‘ಒಳಗೆ’ ಮಾಡುತ್ತಾರೆಂದೂ, ಬ್ರಾಗವನ್ನು ತತ್ನದ ‘ಒಳಗೆ’ ಮಾಡುತ್ತಾರೆಂದೂ ಒಂದೇ ಉಪಸರ್ಗವಿದೆ. ಕಳ್ಳು ಹಿಡಿಯುವ ಗಡಿಗೆಗೆ ಉತ್ತರ ಕೊಂಕಣದ ಭಂಡಾರಿಗಳ ಬಾಯಲ್ಲಿ ಅಂಥದೊಂದು ಹೆಸರು ಇದ್ದಿತೆ ಎಂಬುದನ್ನು ಯಾರಾದರೂ ವಿಚಾರಿಸಬೇಕಾಗಿದೆ.

ರೇವದಂಡಾದ ಶಾಲೆಯೊಂದರ ಆವರಣದಲ್ಲಿ 21ನೆಯ ಶತಮಾನದ ಆರಂಭದಲ್ಲಿ ನಿಕಿತಿನನ ಸ್ಮಾರಕಸ್ತಂಭವೊಂದನ್ನು ನಿಲ್ಲಿಸಿದ್ದಾರೆ. ಸುತ್ತಲೂ ತೆಂಗಿನ ತೋಟಗಳು. ರಶಿಯಾದೇಶಕ್ಕೆ ಒಯ್ಯತಕ್ಕ ಸರಕು ಇಲ್ಲಿ ಏನೂ ಇಲ್ಲವೆಂದು, ಸುಳ್ಳು ಹೇಳಿ ಕರೆತಂದರೆಂದು ಅವನು ಕೊರಗಿಕೊಂಡಿದ್ದಾನೆ. ಕಳ್ಳು ಒಯ್ಯುವ ಸರಕಲ್ಲ. ಒಂದು ಹಗಲು ಕಳೆದರೆ ಅದು ಹುಳಿತು ಕೆಡುತ್ತದೆ. ಅವನ ಹೊತ್ತಗೆಯಲ್ಲಿ ಅದರ ಎರಡು ಹೆಸರುಗಳು ಹೋದುವು. ಒಂದನ್ನು ಮಾಸ್ಕೋದ ನಕಲುಗಾರರೆಲ್ಲರೂ ಬಲ್ಲರು, ಇನ್ನೊಂದು ಅವರಿಗೆ ಅರ್ಥವಾಗಿರಲಾರದು.